ನೂರು ನಿನಗೆ, ಸೊನ್ನೆ ನನಗೆ

ಹ್ಯಾನ್ಕಾಕ್, ಮಿಶಿಗನ್
ಫೆಬ್ರವರಿ 5, 2024

ರೇನೊ,

ಫೋನ್ ಮಾಡಲಿಲ್ಲ. ಫೋನಿನಲ್ಲಿ ಮೂರನೇ ಮಾತಿಗೆ ನಮಗೆ ಜಗಳ ಹತ್ತುತ್ತದೆ. ಅದು ನಿನಗೂ ಗೊತ್ತು, ನನಗೂ ಗೊತ್ತು, ಡೈವೋರ್ಸ್ ಮಾಡಿಸಿದ ವಕೀಲನಿಗೂ ಗೊತ್ತು. ಏನಿದ್ದರೂ ಕಾಗದ ಬರೆದುಕೊಳ್ಳಿ ಎಂದು ಅವನೇ ಹೇಳಿದ್ದ. ಬರೆಯುತ್ತಿದ್ದೇನೆ.

ಆರೋಗ್ಯ ವಿಮೆಯ ವರ್ಷದ ಲೆಕ್ಕದ ಹಾಳೆ ನಿನ್ನ ಹೆಸರಿಗೆ ನನ್ನ ಮನೆಗೆ ಬಂದಿದೆ. ಒಡೆದು ನೋಡಿದೆ. ಬೈಯಬೇಡ, ಅದರಲ್ಲಿ ನನ್ನ ಹೆಸರೂ ಇದೆ. ಹಿಂದಿನ ವರ್ಷದ ಚಳಿಗಾಲದಲ್ಲಿ ಅಡುಗೆಮನೆಯ ಮೇಜಿನ ಮುಂದೆ ಕೂತು, ಇಬ್ಬರೂ ಸೇರಿ ವರ್ಷಕ್ಕೆ ಐವತ್ತನಾಲ್ಕು ಸಾವಿರ ಡಾಲರ್ ದುಡಿಯುತ್ತೇವೆ ಎಂದು ಅಂದಾಜು ಬರೆದುಕೊಟ್ಟಿದ್ದೆವಲ್ಲ, ಅದನ್ನೇ ನಂಬಿ ಸರ್ಕಾರ ನಮ್ಮ ಪ್ರೀಮಿಯಂನಲ್ಲಿ ತಿಂಗಳಿಗೆ 1,640 ಡಾಲರ್ ತಾನೇ ವಿಮೆ ಕಂಪನಿಗೆ ಕಟ್ಟಿದೆ. ಈಗ ತೆರಿಗೆಯ ಹೊತ್ತಿಗೆ ನಿಜವಾಗಿ ಎಷ್ಟು ದುಡಿದೆವು ಎಂದು ಹೇಳಬೇಕು. ಅಂದಾಜಿಗಿಂತ ಹೆಚ್ಚು ದುಡಿದಿದ್ದರೆ ಅವರು ಕಟ್ಟಿದ್ದರಲ್ಲಿ ವಾಪಸು ಕೊಡಬೇಕು. ಕಮ್ಮಿ ದುಡಿದಿದ್ದರೆ ಅವರೇ ನಮಗೆ ಇನ್ನಷ್ಟು ಕೊಡುತ್ತಾರೆ.

ಆಗಸ್ಟಿನಲ್ಲಿ ನಾವು ಬೇರೆಯಾದೆವು. ಅಲ್ಲಿಯವರೆಗಿನ ಎಂಟು ತಿಂಗಳದ್ದು ಇಬ್ಬರಿಗೂ ಸೇರಿದ ಲೆಕ್ಕ, ಒಟ್ಟು ಹದಿಮೂರು ಸಾವಿರದ ನೂರ ಇಪ್ಪತ್ತು ಡಾಲರ್. ಇದರಲ್ಲಿ ಯಾರ ಪಾಲು ಎಷ್ಟು ಎನ್ನುವುದನ್ನು ನಾವಿಬ್ಬರೇ ಒಪ್ಪಿ ಬರೆಯಬೇಕಂತೆ. ನೂರಕ್ಕೆ ಎಷ್ಟು ಬೇಕಾದರೂ ಬರೆಯಬಹುದು. ಒಪ್ಪಿಗೆ ಆಗದಿದ್ದರೆ ಅರ್ಧ ಅರ್ಧ. ಮಂಗಳವಾರ ಲೈಬ್ರರಿಯಲ್ಲಿ ಕೂತು ಊರವರಿಗೆ ತೆರಿಗೆ ಬರೆದುಕೊಡುವ ಮಿಸೆಸ್ ಹೆಕ್ಕಿಲಾ ಇದನ್ನೆಲ್ಲ ಹೇಳಿ, ಕನ್ನಡಕದ ಮೇಲಿನಿಂದ ನೋಡಿ ನಕ್ಕರು. "ಬಿಟ್ಟು ಹೋದ ಗಂಡನ ಜೊತೆ ಇನ್ನೊಂದು ಸಲ ಒಂದು ಮಾತಿಗೆ ಒಪ್ಕೋಬೇಕು ನೋಡು. ಸರ್ಕಾರಕ್ಕೆ ಎಂಥಾ ತಮಾಷೆ!"

ನನ್ನ ಅಭಿಪ್ರಾಯ, ಅರ್ಧ ಅರ್ಧ ಬರೆದು ಕೈ ತೊಳೆದುಕೊಳ್ಳೋಣ. ನೀನು ವರ್ಷಕ್ಕೆ ಎಷ್ಟು ದುಡಿದೆ ಎಂದು ಒಂದು ಸಾಲು ಬರೆ. ಏಪ್ರಿಲ್ ಹದಿನೈದು ಕೊನೆಯ ದಿನ.

ಅವಸರ ಯಾಕೆಂದರೆ, ಸೇತುವೆ ಪಕ್ಕದ ಹೋಟೆಲ್ ಮುಚ್ಚುತ್ತಿದ್ದಾರೆ. ಅವರ ದೊಡ್ಡ ಓವನ್ ಎರಡು ಸಾವಿರದ ಏಳು ನೂರಕ್ಕೆ ಕೊಡುತ್ತಾರೆ. ಮೇ ಹದಿನೈದರವರೆಗೆ ನನಗಾಗಿ ಕಾಯುವುದಾಗಿ ಮಾಲೀಕ ಹೇಳಿದ್ದಾನೆ. ನನ್ನ ಹತ್ತಿರ ಎಂಟು ನೂರ ಐವತ್ತು ಇದೆ. ತೆರಿಗೆಯಲ್ಲಿ ಏನಾದರೂ ವಾಪಸು ಬಂದರೆ ಓವನ್ ನನ್ನದು. ಮನೆಯ ಒಲೆಯಲ್ಲಿ ಒಂದು ಸಲಕ್ಕೆ ನಾಲ್ಕು ನಿಸು, ಆ ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ಬೇಯಿಸಿ ಯಾರೂ ಬೇಕರಿ ಇಟ್ಟಿಲ್ಲ. ನನಗೆ ಐವತ್ತೇಳು ಆಯಿತು. ಈ ವರ್ಷ ಆಗದಿದ್ದರೆ ಇನ್ನು ಆಗುವುದಿಲ್ಲ.

ಐಲಿ


ಯೂಮಾ, ಅರಿಜೋನಾ
ಫೆಬ್ರವರಿ 16, 2024

ಐಲಿ,

ಕಾಗದ ಬಂತು. ಇಲ್ಲಿ ಒಳ್ಳೆ ಬಿಸಿಲು. ನೀನು ಬಾಗಿಲ ಮುಂದಿನ ಹಿಮ ಎತ್ತಿ ಎತ್ತಿ ಬೈದುಕೊಳ್ಳುತ್ತಿರುತ್ತೀಯ ಎಂದು ಗೊತ್ತು, ಅದಕ್ಕೇ ಬರೆದೆ.

ಕೆಲಸಕ್ಕೇನೂ ಬರವಿಲ್ಲ. ಚಳಿ ತಪ್ಪಿಸಿಕೊಳ್ಳಲು ಮನೆಯನ್ನೇ ಗಾಡಿಗೆ ಕಟ್ಟಿಕೊಂಡು ಬಂದ ಮುದುಕರು ಮುದುಕಿಯರು ಇಲ್ಲಿ ಸಾಲಾಗಿ ಬೀಡುಬಿಟ್ಟಿದ್ದಾರೆ. ಒಬ್ಬರ ನಲ್ಲಿ ಸೋರುತ್ತದೆ, ಇನ್ನೊಬ್ಬರ ಹೀಟರ್ ಕೆಡುತ್ತದೆ. ನಿನ್ನೆ ಒಬ್ಬಳು ಅಜ್ಜಿ, "ರೇನೊ, ನೀನಿಲ್ದೇ ಇದ್ರೆ ನಾವು ನೀರಲ್ಲಿ ಮುಳುಗೇ ಹೋಗ್ತಿದ್ವಿ" ಅಂದಳು. ಮರುಭೂಮಿಯಲ್ಲಿ ಈ ಮಾತು ಕೇಳಿದವನು ನಾನೊಬ್ಬನೇ ಇರಬೇಕು.

ಪಾಲಿನ ವಿಷಯ. ಅರ್ಧ ಬೇಡ. ನೂರು ನಿನಗೆ, ಸೊನ್ನೆ ನನಗೆ ಎಂದು ಬರೆದುಬಿಡು. ಅಯೋವಾದಿಂದ ಬಂದ ಒಬ್ಬ ನಿವೃತ್ತ ಲೆಕ್ಕಿಗ ಇಲ್ಲಿದ್ದಾನೆ. ಅವನನ್ನು ಕೇಳಿದೆ, ಹಾಗೇ ಮಾಡಿ ಅಂದ. ನನ್ನ ದುಡಿಮೆ ಎಷ್ಟು ಅಂತ ಕೇಳಿದ್ದೀಯ. ಸೊನ್ನೆ ಬರೆದ ಮೇಲೆ ಅದು ನಿನಗೆ ಬೇಕಾಗುವುದಿಲ್ಲ.

ಓವನ್ ತೆಗೆದುಕೊಳ್ಳುವ ಮುಂಚೆ ಬಾಗಿಲಿನ ಸ್ಪ್ರಿಂಗ್ ನೋಡು. ಹಳೇ ಓವನ್‌ಗಳಲ್ಲಿ ಮೊದಲು ಹೋಗುವುದು ಅದೇ.

ರೇನೊ


ಹ್ಯಾನ್ಕಾಕ್
ಫೆಬ್ರವರಿ 26, 2024

ರೇನೊ,

ನನ್ನ ಕಿವಿ ಮೇಲೆ ಹೂ ಇಡಲು ಬಂದೆಯಾ? ಹದಿಮೂರು ಸಾವಿರವನ್ನು ಪೂರ್ತಿ ನನ್ನ ತಲೆಗೆ ಕಟ್ಟಿ, ನಿನ್ನ ಕಡೆ ಸೊನ್ನೆ ಬರೆದುಕೊಂಡು ಬಿಸಿಲಲ್ಲಿ ಕಾಲು ಚಾಚಿ ಕೂರುವ ಯೋಚನೆ! ಅಯೋವಾದ ಲೆಕ್ಕಿಗನಂತೆ! ಅವನಿಗೆ ನನ್ನ ಪರಿಚಯ ಇದೆಯಾ? ಇಡೀ ಕಾಗದದಲ್ಲಿ ನಿನ್ನ ದುಡಿಮೆ ಎಷ್ಟು ಅಂತ ಒಂದಕ್ಷರ ಇಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಓವನ್ನಿನ ಸ್ಪ್ರಿಂಗ್ ಬಗ್ಗೆ ಪಾಠ ಹೇಳುತ್ತೀಯ.

ಇದು ನಿನ್ನ ಹಳೇ ಚಾಳಿ. ಟ್ರಕ್ ಕೊಂಡಾಗ ಹೇಳಲಿಲ್ಲ. ನಿಮ್ಮಣ್ಣನಿಗೆ ಸಾಲ ಕೊಟ್ಟಾಗ ಹೇಳಲಿಲ್ಲ. "ನಿನಗ್ಯಾಕೆ ತಲೆನೋವು, ಸೈನ್ ಹಾಕು" ಅನ್ನುತ್ತಿದ್ದೆ, ನಾನು ಹಾಕುತ್ತಿದ್ದೆ. ಈಗ ಹಾಕುವುದಿಲ್ಲ. ಅರ್ಧ ಅರ್ಧ, ಅಷ್ಟೇ. ನಿನ್ನ ದುಡಿಮೆ ಎಷ್ಟು ಅಂತ ಬರೆ, ಇಲ್ಲದಿದ್ದರೆ ಬರೆಯಲೇ ಬೇಡ.

ಐಲಿ


ಯೂಮಾ
ಮಾರ್ಚ್ 6, 2024

ಐಲಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಇನ್ನೂ ಜೋರಾಗಿ ಕೇಳಿಸಿತು.

ನೀನು ತಿಳಿದಹಾಗೆ ಅಲ್ಲ. ಅದು ನಿನ್ನ ತಲೆಗೆ ಬರುವ ಹೊರೆಯಲ್ಲ. ನಿನ್ನ ದುಡಿಮೆ ಕಮ್ಮಿ ಇರುವುದರಿಂದ, ನಿನ್ನ ಹೆಸರಿಗೆ ಹಾಕಿದರೆ ವಾಪಸು ಕೊಡುವುದಿರಲಿ, ನಿನಗೇ ಬರುತ್ತದೆ. ನನ್ನ ಮಾತು ನಂಬಬೇಡ. ಹಾಳೆ ತೆಗೆದುಕೊಂಡು ಮಿಸೆಸ್ ಹೆಕ್ಕಿಲಾ ಹತ್ತಿರ ಹೋಗು, ಎರಡು ರೀತಿಯಲ್ಲೂ ಲೆಕ್ಕ ಹಾಕಿಸು.

ನನಗೆ ಆ ವರ್ಷ ಸ್ವಲ್ಪ ಹೆಚ್ಚು ಬಂತು. ಮೇಲ್ಸಂಪಾದನೆ ಅಂತಿಟ್ಟುಕೋ. ಸಂಬಳವಲ್ಲವಲ್ಲ, ವಿಮೆಯವರಿಗೆ ಯಾಕೆ ಹೇಳಬೇಕು ಅಂತ ಸುಮ್ಮನಿದ್ದೆ. ಅದೂ ದುಡಿಮೆಯ ಲೆಕ್ಕಕ್ಕೇ ಬರುತ್ತದೆ ಅಂತ ಅಯೋವಾದವನು ಹೇಳಿದ ಮೇಲೇ ಗೊತ್ತಾಯಿತು. ಅಷ್ಟೇ ವಿಷಯ.

ಹಲ್ಲು ನೋವು. ಹೆಚ್ಚು ಬರೆಯುವುದಿಲ್ಲ.

ರೇನೊ


ಹ್ಯಾನ್ಕಾಕ್
ಮಾರ್ಚ್ 14, 2024

ರೇನೊ,

ಮೊದಲು ನ್ಯಾಯವಾದ ಮಾತು ಬರೆಯುತ್ತೇನೆ, ಆಮೇಲೆ ಮಿಕ್ಕಿದ್ದು.

ಮಂಗಳವಾರ ಲೈಬ್ರರಿಗೆ ಹೋದೆ. ಮಿಸೆಸ್ ಹೆಕ್ಕಿಲಾ ಅರ್ಧ ಗಂಟೆ ಕೂಡಿ ಕಳೆದು ಪೆನ್ಸಿಲ್ ಕೆಳಗಿಟ್ಟರು. "ಐಲಿ, ಇದು ತಲೆ ಮೇಲೆ ಬರೋದಲ್ಲ ಕಣೇ, ಕೈಗೆ ಬರೋದು" ಅಂದರು. ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದರು. "ನೀನು ದುಡಿದಿರೋದು ಇಪ್ಪತ್ನಾಲ್ಕು ಸಾವಿರ. ಅಷ್ಟು ಕಮ್ಮಿ ದುಡಿಯೋರಿಗೆ ಸರ್ಕಾರ ಪ್ರೀಮಿಯಂ ಹೆಚ್ಚೂಕಮ್ಮಿ ಪೂರ್ತಿ ಕಟ್ಟುತ್ತೆ. ನಿಮ್ಮಿಬ್ಬರದ್ದೂ ಸೇರಿಸಿ ಅಂದಾಜು ಕೊಟ್ಟಿದ್ದಕ್ಕೆ ಕಮ್ಮಿ ಕಟ್ಟಿದ್ದಾರೆ. ಈಗ ನೂರಕ್ಕೆ ನೂರೂ ನಿನ್ನ ಹೆಸರಿಗೆ ಹಾಕಿದ್ರೆ, ಕಮ್ಮಿ ಬಿದ್ದಿದ್ದನ್ನ ನಿನ್ನ ಕೈಗೆ ಕೊಡ್ತಾರೆ. ಸಾವಿರದ ಒಂಬೈನೂರ ನಾಲ್ಕು ಡಾಲರ್. ಅರ್ಧ ಹಾಕಿದ್ರೆ ಬರೀ ಎಂಟುನೂರ ಅರವತ್ತನಾಲ್ಕು."

ನೂರು ಬರೆದರೆ ಓವನ್ ಬರುತ್ತದೆ, ಅರ್ಧ ಬರೆದರೆ ಬರುವುದಿಲ್ಲ. ನೀನು ಹೇಳಿದ್ದು ಸರಿ. ನಾನು ಬೈದದ್ದು ತಪ್ಪು. ತಪ್ಪೊಪ್ಪಿಕೊಂಡೆ, ಮುಗಿಯಿತು.

ಈಗ ಮಿಕ್ಕಿದ್ದು. ಮಿಸೆಸ್ ಹೆಕ್ಕಿಲಾ ಕನ್ನಡಕ ತೆಗೆದು, "ಆದ್ರೆ ಅವನ್ಯಾಕೆ ಸೊನ್ನೆ ಸೊನ್ನೆ ಅಂತ ಹಠ ಹಿಡಿದ? ಚೆನ್ನಾಗಿ ದುಡ್ಡು ಬಂದಿರಬೇಕು" ಅಂದರು. ಅಲ್ಲೇ ಪತ್ರಿಕೆ ಓದುತ್ತಿದ್ದ ಆರ್ನೆ, ಅದೇ ನಮ್ಮ ಪಕ್ಕದ ಜಮೀನಿನವನು, ತಲೆ ಎತ್ತಿದ. "ಬರದೇ ಏನು? ಮರ ಕೊಟ್ನಲ್ಲ. ಅಕ್ಟೋಬರ್‌ನಲ್ಲಿ ಎರಡು ವಾರ ಲಾರಿ ಓಡಾಡಿದ್ವು. ಕೊಂಡವನು ನನ್ನ ಭಾವಮೈದ, ಮೂವತ್ತೆಂಟು ಸಾವಿರ ಎಣಿಸಿದ್ದಾನೆ. ನಿಂಗೆ ಗೊತ್ತಿಲ್ವಾ ಐಲಿ?"

ನನಗೆ ಗೊತ್ತಿರಲಿಲ್ಲ. ಹಿಮದ ಮೇಲೆ ನಡೆದುಕೊಂಡು ಹೋಗಿ ನೋಡಿಬಂದೆ. ನಿಮ್ಮಪ್ಪನ ನಲವತ್ತು ಎಕರೆಯಲ್ಲಿ ಒಂದೂ ಮೇಪಲ್ ಮರ ಇಲ್ಲ ರೇನೊ. ಈ ತುದಿಯಲ್ಲಿ ನಿಂತರೆ ಆ ತುದಿಯ ರಸ್ತೆ ಕಾಣುತ್ತದೆ.

ಡೈವೋರ್ಸಿನಲ್ಲಿ ಕಾಡು ನಿನಗೆ ಬಂತು, ಮನೆ ನನಗೆ ಬಂತು. ನಿನ್ನ ಮರ, ಮಾರುವುದು ನಿನ್ನ ಇಷ್ಟ. ಆದರೆ ನಾಲ್ಕು ವರ್ಷದ ಹಿಂದೆ ನಾನು ಏನು ಕೇಳಿದ್ದೆ? ಹತ್ತೇ ಹತ್ತು ಮರ. ಆಗಲೂ ಒಂದು ಓವನ್‌ಗೇ. ನೀನು ಏನಂದೆ? "ನಾನು ಬದುಕಿರೋವರೆಗೂ ಅಪ್ಪನ ಮರಕ್ಕೆ ಗರಗಸ ಬೀಳಲ್ಲ." ಅವತ್ತು ನಮ್ಮ ಮನೆಯಲ್ಲಿ ಏನು ಮುರಿಯಿತು ಅಂತ ನಿನಗೂ ಗೊತ್ತು. ನನಗಾಗಿ ಹತ್ತು ಮರ ಕಡಿಯದವನು, ನಾವು ಬೇರೆಯಾದ ಎರಡೇ ತಿಂಗಳಲ್ಲಿ ಇಡೀ ಕಾಡು ಕಡಿದೆ. ಅದಕ್ಕೆ ಮೇಲ್ಸಂಪಾದನೆ ಅಂತ ಹೆಸರಿಟ್ಟೆ.

ಹೊಟ್ಟೆ ಉರಿಯುತ್ತಿದೆ. ನಿನ್ನ ಮಾಮೂಲಿ ದುಡಿಮೆಗೆ ಮರದ ದುಡ್ಡು ಸೇರಿಸಿ, ಮಿಸೆಸ್ ಹೆಕ್ಕಿಲಾ ಹತ್ತಿರ ನಿನ್ನ ಲೆಕ್ಕವನ್ನೂ ಹಾಕಿಸಿದೆ. ಅರ್ಧ ಅರ್ಧ ಆದರೆ ನೀನು ಸರ್ಕಾರಕ್ಕೆ ಎರಡು ಸಾವಿರದ ಎಂಟು ನೂರ ಹದಿನಾರು ಡಾಲರ್ ವಾಪಸು ಕಟ್ಟಬೇಕು, ಸೊನ್ನೆ ಆದರೆ ಏನೂ ಇಲ್ಲ. ನಾನು ಒಪ್ಪದಿದ್ದರೆ ಅರ್ಧವೇ ಗತಿ. ನನಗೆ ಸಾವಿರದ ನಲವತ್ತು ನಷ್ಟ ಆಗುತ್ತದೆ. ಆಗಲಿ. ಓವನ್ ಹೋಗುತ್ತದೆ, ಹೋಗಲಿ. ನೀನು ಚೆಕ್ ಬರೆಯುವುದನ್ನು ನೆನೆಸಿಕೊಂಡರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಐಲಿ


ಯೂಮಾ
ಮಾರ್ಚ್ 27, 2024

ಐಲಿ,

ನಾಲ್ಕು ಸಲ ಬರೆದು ಹರಿದುಹಾಕಿದೆ. ಇದು ಐದನೆಯದು. ಹೇಗೆ ಬರುತ್ತದೋ ಹಾಗೆ ಕಳಿಸುತ್ತೇನೆ.

ಮರ ಮಾರಿದ್ದು ನಿಜ. ಮೂವತ್ತೆಂಟು ಸಾವಿರ ನಿಜ. ಯಾವ ಒಳ್ಳೆಯ ಕೆಲಸಕ್ಕೂ ಅಲ್ಲ, ಒಂದು ಹಳೇ ಗಾಡಿಮನೆ, ಒಂದು ಪೆಟ್ಟಿಗೆ ಸಾಮಾನು ಸಲಕರಣೆ, ಇಲ್ಲಿ ಜಾಗದ ಮುಂಗಡ. ಬೇರೆ ದಾರಿ ಇರಲಿಲ್ಲ ಅಂತ ಹೇಳಬಹುದು, ಹೇಳುವುದಿಲ್ಲ. ದಾರಿ ಇತ್ತು. ಅಲ್ಲೇ ಇದ್ದು ಯಾರ ಹತ್ತಿರವಾದರೂ ಕೆಲಸಕ್ಕೆ ಸೇರಬಹುದಿತ್ತು. ಬೀದಿಯಲ್ಲಿ ನೀನು ಎದುರಾದರೆ ಮುಖ ಎಲ್ಲಿಡಲಿ ಅಂತ ಓಡಿಬಂದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಆ ಮರಗಳ ಮಧ್ಯೆ ಹೋಗಿ ಕೂತಿದ್ದೆ. ಎಲೆ ಕೆಂಪಾಗಿತ್ತು. ಇದನ್ನು ಯಾರಿಗೆ ಅಂತ ಕಾಯುತ್ತಿದ್ದೇನೆ ಅಂತ ನನ್ನನ್ನೇ ಕೇಳಿಕೊಂಡೆ. ಮಾರನೇ ದಿನ ಆರ್ನೆಯ ಭಾವಮೈದನಿಗೆ ಫೋನ್ ಮಾಡಿದೆ. ನೀನು ಕೇಳಿದಾಗ ಅಪ್ಪನ ಹೆಸರು ಹೇಳಿದೆನಲ್ಲ, ಅದು ಸುಳ್ಳು ಐಲಿ. ಅಪ್ಪ ಬದುಕಿದ್ದರೆ ನಿನಗೆ ಇಪ್ಪತ್ತು ಮರ ಕೊಡುತ್ತಿದ್ದ. ನಿನ್ನ ಬೇಕರಿ ನಡೆದುಬಿಟ್ಟರೆ ನಿನಗೆ ನಾನು ಬೇಕಾಗುವುದಿಲ್ಲ ಅಂತ ನನಗೆ ಭಯ. ಊರವರೆಲ್ಲ ನಿನ್ನ ಬಾಗಿಲಲ್ಲಿ ಸಾಲು ನಿಂತಿರುತ್ತಾರೆ, ನಾನು ಹಿಂದೆ ನಿಂತು ಚೀಲ ಹೊರುತ್ತಿರುತ್ತೇನೆ, ಹಾಗೆಲ್ಲ ಕಲ್ಪಿಸಿಕೊಂಡಿದ್ದೆ. ಇದನ್ನು ನಮ್ಮ ಇಪ್ಪತ್ತೊಂಬತ್ತು ವರ್ಷದಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ಈಗ ಎರಡು ಸಾವಿರ ಮೈಲಿ ದೂರ ಬಂದು ಹೇಳುತ್ತಿದ್ದೇನೆ. ಹೇಡಿ ಅಂತ ಬೈಯಿ, ತಪ್ಪಿಲ್ಲ.

ಅಯೋವಾದವನಿಗೆ ನಿನ್ನ ಕಾಗದ ಓದಿಹೇಳಿದೆ. ಪೂರ್ತಿ ಅಲ್ಲ, ಸ್ವಲ್ಪ. ಅವನು, "ರೇನೊ, ಹೆಂಡ್ತಿ ಹೇಳಿದ್ದು ಅಕ್ಷರ ಅಕ್ಷರ ನಿಜ ಕಣಯ್ಯ. ಸುಮ್ನೆ ಹೋಗಿ ಪೆನ್ನು ತಗೊಂಬಾ" ಅಂದ. ಒಪ್ಪಂದದ ಕಾಗದ ಹೇಗಿರಬೇಕು ಅಂತ ಬರೆದುಕೊಟ್ಟ. ಅದನ್ನು ಇದರ ಜೊತೆ ಇಟ್ಟಿದ್ದೇನೆ.

ಕೆಳಗೆ ನನ್ನ ಸೈನ್ ಇದೆ. ಪಾಲು ಬರೆಯುವ ಎರಡು ಜಾಗ ಖಾಲಿ ಬಿಟ್ಟಿದ್ದೇನೆ, ನಿನ್ನದೂ, ನನ್ನದೂ. ಐವತ್ತು ಬರೆ, ನೂರು ಬರೆ, ಎಷ್ಟು ಬರೆಯುತ್ತೀಯೋ ಅಷ್ಟನ್ನೇ ನನ್ನ ತೆರಿಗೆಯಲ್ಲೂ ತೋರಿಸುತ್ತೇನೆ. ಎರಡು ಸಾವಿರದ ಎಂಟು ನೂರ ಹದಿನಾರು ಬ್ಯಾಂಕಿನಲ್ಲಿ ಬೇರೆ ತೆಗೆದಿಟ್ಟಿದ್ದೇನೆ. ಕಟ್ಟಬೇಕಾಗಿ ಬಂದರೆ ಗೊಣಗುವುದಿಲ್ಲ. ಮುಂದಿನ ಕಾಗದದಲ್ಲಿ ಚುಚ್ಚುವುದೂ ಇಲ್ಲ.

ಒಂದೇ ಒಂದು ಮಾತು. ನನ್ನ ಮೇಲಿನ ಸಿಟ್ಟಿಗೆ ಓವನ್ ಬಿಡಬೇಡ. ಇಷ್ಟು ಹೇಳುವ ಹಕ್ಕೂ ನನಗಿಲ್ಲ, ಆದರೂ ಹೇಳಿದೆ.

ರೇನೊ


ಹ್ಯಾನ್ಕಾಕ್
ಏಪ್ರಿಲ್ 10, 2024

ರೇನೊ ಮಹಾರಾಯ,

ನಿನ್ನ ಕಾಗದ ಬಂದು ಐದು ದಿನ ಆಯಿತು. ಬಂದ ದಿನ ಓದಿ ಫ್ರಿಜ್ ಮೇಲೆ ಎಸೆದೆ. ಮಾರನೇ ದಿನ ಇಳಿಸಿ ಓದಿ ಅತ್ತೆ. ಮೂರನೇ ದಿನ ಬ್ರೆಡ್ಡಿನ ಹಿಟ್ಟಿಗೆ ಏಲಕ್ಕಿ ಎರಡು ಸಲ ಹಾಕಿದೆ. ಗಿರಾಕಿಗಳು ಬೈಯಲಿಲ್ಲ, ಇನ್ನೂ ಚೆನ್ನಾಗಿದೆ ಅಂದರು. ಊರಿನ ರುಚಿ ಕೆಟ್ಟುಹೋಗಿದೆ.

ನಿನ್ನೆ ಮಂಗಳವಾರ. ಲೈಬ್ರರಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕೊನೆಯ ವಾರ ಅಲ್ಲವೇ, ಊರಿಗೆ ಊರೇ ಶೂ ಡಬ್ಬಿಗಳಲ್ಲಿ ರಸೀದಿ ತುಂಬಿಕೊಂಡು ಬಂದಿತ್ತು. ಒಂದೂವರೆ ಗಂಟೆ ಕಾದ ಮೇಲೆ ನನ್ನ ಸರದಿ ಬಂತು. ನೀನು ಕಳಿಸಿದ ಒಪ್ಪಂದದ ಕಾಗದವನ್ನು ಮಿಸೆಸ್ ಹೆಕ್ಕಿಲಾ ಮುಂದೆ ಇಟ್ಟೆ. ಅವರು ಕಾಗದದ ಬೆನ್ನು ತಿರುಗಿಸಿ ನೋಡಿದರು.

"ಅಂಕಿ ಎಲ್ಲೇ?"

"ಬರೆದಿಲ್ಲ. ನನಗೆ ಬಿಟ್ಟಿದ್ದಾನೆ."

"ಸೈನ್ ಮಾಡಿ ಖಾಲಿ ಕಳಿಸಿದ್ದಾನಾ? ರೇನೊ?"

"ಹೂಂ. ರೇನೊನೇ."

"ಮೂವತ್ತು ವರ್ಷ ಬ್ಯಾಂಕ್ ಕೌಂಟರಲ್ಲಿ ಕೂತಿದ್ದೆ. ಆ ಮನುಷ್ಯ ಹತ್ತು ಡಾಲರ್ ತೆಗೆಯೋಕೆ ಬಂದ್ರೂ ಮೂರು ಸಲ ಓದದೆ ಸೈನ್ ಹಾಕಿದ್ದನ್ನ ನಾನು ಕಂಡಿಲ್ಲ" ಅಂದರು. ಪೆನ್ನು ನನ್ನ ಕಡೆ ತಳ್ಳಿದರು. "ಬೇಗ ಬರಿ. ಹಿಂದೆ ಹನ್ನೆರಡು ಜನ ಇದ್ದಾರೆ."

ಬೇಗ ಬರೆಯಲು ಆಗಲಿಲ್ಲ. ನಿಜ ಹೇಳುತ್ತೇನೆ, ಮನೆಯಿಂದ ಹೊರಡುವಾಗ ಐವತ್ತು ಅಂತಲೇ ನಿರ್ಧಾರ ಮಾಡಿದ್ದೆ. ನೀನು ಅಷ್ಟೆಲ್ಲ ಬರೆದ ಮೇಲೂ ಆ ಬೋಳು ಜಮೀನು ಕಣ್ಣಿನಿಂದ ಹೋಗಿರಲಿಲ್ಲ. ಪೆನ್ನು ಹಿಡಿದು ಕೂತೆ. ಹಿಂದೆ ಯಾರೋ ಕೆಮ್ಮಿದರು. ಐವತ್ತು ಬರೆದರೆ ನಿನಗೆ ಶಿಕ್ಷೆಯಾಗುತ್ತದೆ, ನನಗೂ ಆಗುತ್ತದೆ, ನಮ್ಮಿಬ್ಬರ ದುಡ್ಡೂ ಸರ್ಕಾರಕ್ಕೆ ಹೋಗುತ್ತದೆ. ಜಗಳ ನಮ್ಮದು, ಲಾಭ ಯಾರದೋ. ನೀನು ಓವನ್ ಬಿಡಬೇಡ ಅಂತ ಬರೆದದ್ದಕ್ಕಲ್ಲ, ನನಗೆ ಓವನ್ ಬೇಕು ಅಂತ ನೂರು ಬರೆದೆ. ನಿನ್ನ ಜಾಗದಲ್ಲಿ ಸೊನ್ನೆ ಬರೆದೆ, ದಪ್ಪಗೆ. ಕೆಳಗೆ ನನ್ನ ಸೈನ್ ಹಾಕಿದೆ.

"ಕ್ಷಮಿಸಿಬಿಟ್ಟೆಯಾ?" ಅಂತ ಮಿಸೆಸ್ ಹೆಕ್ಕಿಲಾ ಕೇಳಿದರು. ಆ ಹೆಂಗಸಿನ ಬಾಯಿಗೆ ಬೀಗವಿಲ್ಲ.

"ಇನ್ನೂ ಇಲ್ಲ" ಅಂದೆ. "ಅದಕ್ಕೆ ಏಪ್ರಿಲ್ ಹದಿನೈದೇ ಕೊನೇ ದಿನ ಅಂತ ಇಲ್ವಲ್ಲ."

ಹಿಂದೆ ಇದ್ದವರೆಲ್ಲ ನಕ್ಕರು. ಆರ್ನೆಯ ಹೆಂಡತಿ ಚಪ್ಪಾಳೆ ತಟ್ಟಿದಳು. ನಮ್ಮ ಸಂಸಾರ ಊರಿಗೆಲ್ಲ ಗೊತ್ತಾಯಿತು, ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ. ಒಂಥರಾ ಹಗುರವಾಯಿತು.

ನನ್ನ ತೆರಿಗೆ ಅಲ್ಲೇ ಕಳಿಸಿದ್ದಾಯಿತು, ಮೂರು ವಾರದಲ್ಲಿ ದುಡ್ಡು ಬರುತ್ತದಂತೆ. ಹೋಟೆಲಿನವನಿಗೆ ಹೇಳಿ ಮುನ್ನೂರು ಮುಂಗಡ ಕೊಟ್ಟುಬಂದೆ. ಅಡುಗೆಮನೆಯ ಜಾಗವನ್ನೂ ನನಗೇ ಬಾಡಿಗೆಗೆ ಬಿಡುವ ಮಾತು ತೆಗೆದಿದ್ದಾನೆ. ಜೂನಿನಲ್ಲಿ ಶುರು ಮಾಡಬೇಕು ಅಂತಿದ್ದೇನೆ. ಒಪ್ಪಂದದ ನಕಲು ಇಲ್ಲಿದೆ, ಸೋಮವಾರದೊಳಗೆ ನಿನ್ನದನ್ನೂ ಕಳಿಸು. ಅಂಚೆ ತಡವಾದರೆ ಅಂತ ಮಿಸೆಸ್ ಹೆಕ್ಕಿಲಾ ಇದರ ಚಿತ್ರವನ್ನು ನಿನ್ನ ಫೋನಿಗೂ ಹಾಕಿದ್ದಾರೆ. ತೆಗೆದಿಟ್ಟ ಎರಡು ಸಾವಿರದ ಎಂಟು ನೂರನ್ನು ನನಗೆ ಕಳಿಸುವ ಹುಚ್ಚು ಯೋಚನೆ ಬಂದರೆ ಬಿಡು. ಮೊದಲು ಹೋಗಿ ಹಲ್ಲು ತೋರಿಸು. ಉಳಿದದ್ದರಲ್ಲಿ ಸಸಿ ಕೊಂಡು ಆ ಜಮೀನಿಗೆ ನೆಡಿಸು, ನೋಡಲಾಗುವುದಿಲ್ಲ.

ಭಯ ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿ ನನಗೆ ನಿನ್ನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಪಕ್ಕದಲ್ಲಿ ಕೂರಬೇಕು ಅಂತಲೂ ಅನ್ನಿಸಿತು. ದೊಡ್ಡ ಬೇಕರಿ ನನ್ನ ಆಸೆ ಹೌದು, ಆದರೆ ನಿನ್ನ ಹತ್ತಿರ ನಾನು ಕೇಳಿದ್ದು ಬೇಕರಿಯಲ್ಲ, ಮರವೂ ಅಲ್ಲ. ಒಂದು ಸಲವಾದರೂ ಪೆನ್ನು ನನ್ನ ಕೈಗೆ ಕೊಟ್ಟು, ನೀನೇ ಬರೆ ಅಂತ ಸುಮ್ಮನೆ ಕೂರು ಅಂತ ಕೇಳಿದ್ದೆ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಕೇಳಿದೆ. ಡೈವೋರ್ಸ್ ಆಗಿ ಎಂಟು ತಿಂಗಳಿಗೆ ಕೊಟ್ಟೆ. ಕೊಟ್ಟೆಯಲ್ಲ ರೇನೊ, ನನಗೆ ಸಂತೋಷವಾಯಿತು.

ಐಲಿ